ದುಡಿದು ಓದುವ ವಿದ್ಯಾರ್ಥಿಗಳು

ಕಳೆದ ವಾರ ಒಂದು ಮುಂಜಾನೆ ನಮ್ಮ ಕಚೇರಿಯ ಬಾಗಿಲಲ್ಲಿ ಒಬ್ಬ ತರುಣನು ನಿಂತಿದ್ದನು. ಎರಡು ವರ್ಷಗಳಿಂದ ನಮ್ಮ ಪತ್ರಿಕೆಯನ್ನೇ ಊರಿನ ನೂರಿಪ್ಪತ್ತು ಮನೆಗಳಿಗೆ ಬೆಳಗಿನ ಆರೂವರೆಯೊಳಗಾಗಿ ಮುಟ್ಟಿಸುತ್ತ ಬಂದವನು ಆತನೇ ಎಂಬುದು ವಿಚಾರಿಸಿದ ಮೇಲೆ ನಮಗೆ ತಿಳಿಯಿತು. ಆತನು ಬಿ.ಎಸ್‌ಸಿ. ತರಗತಿಯ ಎರಡನೆಯ ವರ್ಷದ ವಿದ್ಯಾರ್ಥಿ. ತಂದೆಯು ಮಳೆಯನ್ನೇ ನಂಬಿ ಮೂರು ಎಕರೆ ಹೊಲ ಮಾಡುವ ಒಕ್ಕಲಿಗ. ಬೆಳಿಗ್ಗೆ ಪತ್ರಿಕೆ ಹಂಚಿ, ರಾತ್ರಿ ಹನ್ನೊಂದರವರೆಗೆ ಊಟದ ಪೊಟ್ಟಣಗಳನ್ನು ಮನೆಮನೆಗೆ ಒಯ್ದು ಕೊಟ್ಟು, ನಡುವೆ ಉಳಿದ ಹೊತ್ತಿನಲ್ಲಿ ಕಾಲೇಜಿಗೆ ಹೋಗುತ್ತಿದ್ದನು. ಹಾಜರಿಯು ನೂರಕ್ಕೆ ಎಪ್ಪತ್ತೈದಕ್ಕಿಂತ ಕಡಿಮೆಯಾದುದರಿಂದ ಪರೀಕ್ಷೆಗೆ ಕೂಡ್ರಲು ಅನುಮತಿ ದೊರೆಯಲಿಲ್ಲ. ಆತನು ನಮ್ಮಲ್ಲಿಗೆ ಹಣ ಬೇಡಲು ಬಂದಿರಲಿಲ್ಲ. “ನಾನು ಕೆಲಸ ಮಾಡುತ್ತಿದ್ದೆನೆಂದು ಒಂದು ಕಾಗದ ಬರೆದು ಕೊಡಿರಿ, ಸಾಹೇಬರೇ. ಸೋಮಾರಿಯಾಗಿ ತಿರುಗಿ ಹಾಜರಿ ಕಳೆದುಕೊಂಡೆನೆಂದು ಕಾಲೇಜಿನವರು ತಿಳಿಯಬಾರದು” ಎಂದಷ್ಟೇ ಕೇಳಿದನು. ನಾವು ಬರೆದು ಕೊಟ್ಟೆವು. ಆ ಕಾಗದದಿಂದ ನಿಯಮವೇನೂ ಬದಲಾಗಲಿಲ್ಲ. ಹುಡುಗನಿಗೆ ಒಂದು ವರ್ಷ ಹೋಯಿತು.

ಈ ಪ್ರಸಂಗದಲ್ಲಿ ಯಾರ ಮೇಲೆ ತಪ್ಪು ಹೊರಿಸೋಣ? ಕಾಲೇಜಿನವರು ನಿಯಮವನ್ನು ಪಾಲಿಸಿದರು. ಹಾಜರಿಯ ನಿಯಮವು ಅನವಶ್ಯಕವೆಂದು ನಾವು ಹೇಳಲಾರೆವು. ಹುಡುಗನು ದುಡಿದನು, ದುಡಿಯದಿದ್ದರೆ ಖಾನಾವಳಿಯ ಬಾಕಿ ತೀರುತ್ತಿರಲಿಲ್ಲ. ಇನ್ನು ನಾವಾದರೋ, ಎರಡು ವರ್ಷ ಆತನ ಕೈಯಿಂದ ಕೆಲಸ ಮಾಡಿಸಿಕೊಂಡು, ಆತನು ಯಾರು, ಏನು ಓದುತ್ತಿದ್ದಾನೆ ಎಂಬುದನ್ನು ಒಂದು ದಿನವಾದರೂ ಕೇಳಲಿಲ್ಲ. ಆದುದರಿಂದ ಈ ಲೇಖನವನ್ನು ನಾವು ಉಪದೇಶಕರಾಗಿ ಬರೆಯುತ್ತಿಲ್ಲ. ಅಪರಾಧಿಗಳ ಸಾಲಿನಲ್ಲಿ ನಿಂತೇ ಬರೆಯುತ್ತಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ: ದುಡಿದು ಓದಬೇಕಾದ ವಿದ್ಯಾರ್ಥಿಗೆ ತಕ್ಕ ದುಡಿಮೆಯನ್ನು ಕಾಲೇಜಿನ ಆವರಣದಲ್ಲಿಯೇ, ಪಾಠದ ವೇಳೆಗೆ ಅಡ್ಡಿಯಾಗದಂತೆ, ನ್ಯಾಯವಾದ ಕೂಲಿಯೊಡನೆ ಒದಗಿಸಿ ಕೊಡುವುದು ಕಾಲೇಜುಗಳ ಮತ್ತು ಸರಕಾರದ ಕರ್ತವ್ಯವಾಗಿದೆ.

ಕಾಲೇಜಿನ ಶುಲ್ಕವೇ ವಿದ್ಯೆಯ ವೆಚ್ಚವೆಂದು ಪಟ್ಟಣದ ಜನರು ಭಾವಿಸುವುದುಂಟು. ಸರಕಾರಿ ಕಾಲೇಜಿನ ಬಿ.ಎ., ಬಿ.ಕಾಂ. ತರಗತಿಗಳ ಮಟ್ಟಿಗಾದರೂ ಶುಲ್ಕವು ವೆಚ್ಚದ ಒಂದು ಸಣ್ಣ ಭಾಗ ಮಾತ್ರ. ಖೋಲಿಯ ಬಾಡಿಗೆ, ಎರಡು ಹೊತ್ತಿನ ಊಟ, ಪುಸ್ತಕ, ಬಸ್ಸು, ಫೋನಿನ ವೆಚ್ಚ, ಪರೀಕ್ಷಾ ಶುಲ್ಕ ಇವೆಲ್ಲ ಕೂಡಿ ಹಳ್ಳಿಯಿಂದ ಬಂದವನ ಕುತ್ತಿಗೆಯನ್ನು ಹಿಡಿಯುತ್ತವೆ. ಸರಕಾರದವರು ಕೈಕಟ್ಟಿ ಕುಳಿತಿದ್ದಾರೆಂದು ನಾವು ಹೇಳುವುದಿಲ್ಲ. ವಸತಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು 2013-14ರಲ್ಲಿ ಆರಂಭವಾದ ವಿದ್ಯಾಸಿರಿ ಯೋಜನೆಯಲ್ಲಿ ಊಟ-ವಸತಿಗಾಗಿ ತಿಂಗಳಿಗೆ 1,500 ರೂ.ಗಳಂತೆ ಹತ್ತು ತಿಂಗಳು ಕೊಡುವ ಏರ್ಪಾಡಾಯಿತು. ರೈತರ ಮಕ್ಕಳಿಗಾಗಿ 2021ರಲ್ಲಿ ಹೊರಟ ರೈತ ವಿದ್ಯಾನಿಧಿಯಲ್ಲಿ ಪದವಿ ತರಗತಿಯ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂ.ಗಳನ್ನು ಗೊತ್ತುಪಡಿಸಿದರು. 2023ರ ಜೂನ್ ತಿಂಗಳಿನಿಂದ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಟಿಕೀಟು ಇಲ್ಲವಾದುದು ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳಿಗೆ ಕಾಲೇಜಿನ ದಾರಿಯನ್ನು ಸುಗಮಗೊಳಿಸಿತು. ಇವೆಲ್ಲವೂ ಸ್ತುತ್ಯವೇ. ಆದರೆ ವಿದ್ಯಾರ್ಥಿವೇತನವು ಅನೇಕ ಸಲ ವರ್ಷದ ಕೊನೆಗೆ ಕೈಸೇರುತ್ತದೆ. ಖಾನಾವಳಿಯವನ ಲೆಕ್ಕವು ತಿಂಗಳ ಕೊನೆಗೆ ಬರುತ್ತದೆ. ಈ ಎರಡು ತಾರೀಖುಗಳ ನಡುವೆ ಬಿದ್ದು ಓದು ಬಿಟ್ಟವರು ಎಷ್ಟು ಮಂದಿಯೋ!

ನಮ್ಮ ನಾಡು ಬಡ ವಿದ್ಯಾರ್ಥಿಯನ್ನು ಎಂದೂ ಹೊರಗೆ ನಿಲ್ಲಿಸಿದ್ದಿಲ್ಲವೆಂದು ಹಿರಿಯರು ಹೆಮ್ಮೆಪಡುತ್ತಾರೆ. ವಾರಾನ್ನದ ಪದ್ಧತಿಯನ್ನು ನಮ್ಮ ಅಜ್ಜಂದಿರು ಕಂಡವರು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳ ಅನ್ನವನ್ನುಂಡು ಅಸಂಖ್ಯ ಹುಡುಗರು ವಿದ್ಯಾವಂತರಾದರು. ಆ ಮನೆಗಳ ಗೃಹಿಣಿಯರ ಋಣವನ್ನು ಕನ್ನಡ ನಾಡು ತೀರಿಸಲಾರದು. ಆದರೂ ಆ ಅನ್ನದ ಜತೆಗೆ ಎಷ್ಟೋ ಸಲ ಒಂದು ತಾತ್ಸಾರದ ಮಾತೂ ಬಡಿಸಲ್ಪಡುತ್ತಿತ್ತು. ಎಲ್ಲ ಜಾತಿಯ ಹುಡುಗರಿಗೆ ಆ ಬಾಗಿಲುಗಳು ತೆರೆದಿರಲೂ ಇಲ್ಲ. ಈ ಕೊರತೆಯನ್ನು ದೊಡ್ಡ ಪ್ರಮಾಣದಲ್ಲಿ ತುಂಬಿದವು ನಮ್ಮ ಮಠಗಳು ಮತ್ತು ಸಂಘಗಳು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರು ಇಂದು ನಾಡಿನ ತುಂಬ ಇದ್ದಾರೆ. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರಸ್ವಾಮಿಗಳವರ ಮಠದಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳು ದೊರೆತವು. ಇಂಥ ದಾಸೋಹಕ್ಕೆ ಬದಲಾಗಿ ಬೇರೇನನ್ನೋ ತರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಆದರೆ ದಾಸೋಹದ ಜತೆಗೆ ಕಾಯಕವೂ ಇರಬೇಕೆಂಬುದು ಈ ನಾಡಿನ ಶರಣರೇ ಹಾಕಿಕೊಟ್ಟ ಮೇಲ್ಪಂಕ್ತಿ. ಹಗ್ಗ ಹೊಸೆದ ನುಲಿಯ ಚಂದಯ್ಯನೂ, ಚೆಲ್ಲಿದ ಅಕ್ಕಿಯನ್ನು ಆಯ್ದು ಬಾಳಿದ ಮಾರಯ್ಯ-ಲಕ್ಕಮ್ಮ ದಂಪತಿಗಳೂ ಹುಟ್ಟಿದ ನೆಲದಲ್ಲಿ, ವಿದ್ಯಾರ್ಥಿಯು ಕೈಕೆಸರು ಮಾಡಿಕೊಳ್ಳುವುದು ಅಪಮಾನವೆಂಬ ಭಾವನೆ ಎಲ್ಲಿಂದ ಬಂದಿತೋ ನಾವರಿಯೆವು.

ಪುರಾತನ ಕಾಲದ ಮಾತನ್ನೆತ್ತಿದರೆ, ಛಾಂದೋಗ್ಯದ ಸತ್ಯಕಾಮ ಜಾಬಾಲನಿಗೆ ಗುರುವು ಮೊದಲು ಒಪ್ಪಿಸಿದ್ದು ಮಂತ್ರವನ್ನಲ್ಲ, ನಾನ್ನೂರು ಬಡಕಲು ಹಸುಗಳನ್ನು. ಅವು ಸಾವಿರವಾಗುವವರೆಗೆ ಕಾಯ್ದು ಬಂದವನಿಗೆ ದಾರಿಯಲ್ಲಿಯೇ ಬ್ರಹ್ಮಜ್ಞಾನವಾಯಿತೆಂಬುದು ಕಥೆ. ಆದರೆ ಗುರುಕುಲದ ಸೇವೆಯನ್ನು ಇಂದಿನ ಮಾದರಿಯೆಂದು ಎತ್ತಿ ಹಿಡಿಯಲು ನಾವು ಸಿದ್ಧರಿಲ್ಲ. ಏಕಲವ್ಯನ ಹೆಬ್ಬೆರಳೂ ಅದೇ ಪರಂಪರೆಯ ಕಥೆಯಲ್ಲವೇ? ಶಿಷ್ಯನಿಂದ ಮನೆಗೆಲಸ ಮಾಡಿಸಿಕೊಂಡು ಅದಕ್ಕೆ ಗುರುಸೇವೆಯೆಂದು ಹೆಸರಿಡುವ ಚಾಳಿಯು ಇಂದಿಗೂ ಪೂರ್ತಿಯಾಗಿ ಹೋಗಿಲ್ಲವೆಂದು ಕೇಳುತ್ತೇವೆ. ನಾವು ಬೇಡುವುದು ಸೇವೆಯ ಹೆಸರಿನ ಬಿಟ್ಟಿಯನ್ನಲ್ಲ. ಗಂಟೆಗೆ ಇಷ್ಟು ಎಂದು ಗೊತ್ತುಪಡಿಸಿದ ಕೂಲಿಯನ್ನು.

ನಮ್ಮ ನಾಡಿನ ಮಹಾಪುರುಷರ ಚರಿತ್ರೆಯಲ್ಲಿ ಈ ಮಾತಿಗೆ ಸಾಕ್ಷಿಯುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಒಬ್ಬ ಕೊಡಗಿನ ಗೃಹಸ್ಥರ ಮಕ್ಕಳಿಗೆ ಪಾಠ ಹೇಳಿ ತಮ್ಮ ಜೀವನವನ್ನು ಸಾಗಿಸಿದರು. ಆಮೇಲೆ ಪುಣೆಯ ಕಾಲೇಜಿಗೆ ಹೋಗಿ ಇಂಜಿನಿಯರರಾಗುವುದಕ್ಕೆ ಮೈಸೂರು ಸರಕಾರದ ವಿದ್ಯಾರ್ಥಿವೇತನವು ನೆರವಾಯಿತು. ಸ್ವಂತ ದುಡಿಮೆ ಮೊದಲು, ಸರಕಾರದ ನೆರವು ಅನಂತರ: ಈ ಎರಡೂ ಕೂಡಿದಾಗ ಮುದ್ದೇನಹಳ್ಳಿಯ ಬಡಹುಡುಗನು ಕನ್ನಂಬಾಡಿಯ ಕಟ್ಟೆಯ ನಿರ್ಮಾಪಕನಾದನು. ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ಪತ್ರಿಕೆ ಹಂಚುವ ಹುಡುಗರಾಗಿದ್ದುದನ್ನು ತಾವೇ ಬರೆದಿದ್ದಾರೆ. ಅಂಥ ಹುಡುಗನೊಬ್ಬನು ನಮ್ಮ ಮನೆಯ ಬಾಗಿಲಿಗೂ ದಿನಾಲು ಬಂದು ಹೋಗುತ್ತಿರಬಹುದೆಂಬ ಎಚ್ಚರವು ನಮಗಿರಬೇಕು.

ಈ ವಿಷಯದಲ್ಲಿ ನಾವು ಎಲ್ಲಕ್ಕಿಂತ ಹೆಚ್ಚಾಗಿ ಸ್ಮರಿಸಬೇಕಾದವರು ಕರ್ಮವೀರ ಭಾವುರಾವ ಪಾಟೀಲರು. ಕೊಲ್ಹಾಪುರ ಜಿಲ್ಲೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಈ ಜೈನ ಒಕ್ಕಲಿಗರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯಲ್ಲಿ ಅವರು ನಡೆಸಿದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಹುಡುಗರು ಕೂಡಿ ಅಡಿಗೆ ಮಾಡಿ, ಕೂಡಿ ಉಂಡು, ಕೂಡಿ ದುಡಿದು ಓದುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧಿಯವರೇ ಬಂದು ಆ ನಿಲಯಕ್ಕೆ ಛತ್ರಪತಿ ಶಾಹೂ ಮಹಾರಾಜರ ಹೆಸರನ್ನಿಟ್ಟರು. ಹುಡುಗರ ಊಟಕ್ಕೆ ಹಣ ತೀರಿದಾಗ ಪಾಟೀಲರ ಪತ್ನಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನೂ ಮಂಗಳಸೂತ್ರವನ್ನೂ ಕೊಟ್ಟರು. 1947ರಲ್ಲಿ ಸಾತಾರೆಯಲ್ಲಿ ಸ್ಥಾಪಿತವಾದ ಶಿವಾಜಿ ಕಾಲೇಜಿನಲ್ಲಿ “ದುಡಿ, ಕಲಿ” ಎಂಬ ಪದ್ಧತಿಯು ಕಾಲೇಜಿನ ಶಿಕ್ಷಣಕ್ಕೂ ಬಂದಿತು. ಪಾಟೀಲರ ಹೆಸರಿನದೇ ಒಂದು ದುಡಿದು ಕಲಿಯುವ ಯೋಜನೆಯನ್ನು ಪುಣೆಯ ವಿಶ್ವವಿದ್ಯಾನಿಲಯವು ತನ್ನ ಕಾಲೇಜುಗಳಲ್ಲಿ ನಡೆಸಿದೆ; ಅದರಲ್ಲಿ ವಿದ್ಯಾರ್ಥಿಗಳು ಗಂಥಾಲಯ, ಕಚೇರಿ, ತೋಟಗಳಲ್ಲಿ ಗಂಟೆಯ ಲೆಕ್ಕದಲ್ಲಿ ದುಡಿದು ಹಣ ಪಡೆಯುತ್ತಾರೆ. ಸಾತಾರೆಯು ಬೆಳಗಾವಿಯಿಂದ ಅರ್ಧ ದಿನದ ದಾರಿ. ಅಲ್ಲಿ ನೂರು ವರ್ಷಗಳ ಹಿಂದೆ ಸಾಧ್ಯವಾದುದು ನಮ್ಮಲ್ಲಿ ಅಲ್ಲೊಂದು ಇಲ್ಲೊಂದು ಕಾಲೇಜಿನ ಉತ್ಸಾಹಕ್ಕೆ ಬಿಟ್ಟ ವಿಷಯವಾಗಿ ಉಳಿದುದೇಕೆ?

ಇದು ಪರದೇಶದ ದೊಡ್ಡ ವಿಶ್ವವಿದ್ಯಾಲಯಗಳಿಗೂ ನಾಚಿಕೆಯ ವಿಷಯವಾಗಿಲ್ಲ. ಗುಲಾಮಗಿರಿಯಲ್ಲಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ನರು 1872ರಲ್ಲಿ ಹ್ಯಾಂಪ್ಟನ್ ವಿದ್ಯಾಲಯಕ್ಕೆ ಬಂದಾಗ ಕೋಣೆ ಗುಡಿಸುವುದೇ ಅವರ ಪ್ರವೇಶ ಪರೀಕ್ಷೆಯಾಯಿತು. ಅಲ್ಲಿಯೇ ಜಾಡಮಾಲಿಯ ಕೆಲಸ ಮಾಡುತ್ತ ಓದಿದರು. ಅವರು 1881ರಿಂದ ನಡೆಸಿದ ಟಸ್ಕೀಗಿಯ ಶಾಲೆಯ ಕಟ್ಟಡಗಳಿಗೆ ಇಟ್ಟಿಗೆ ಸುಟ್ಟವರು ವಿದ್ಯಾರ್ಥಿಗಳೇ. ಅಮೇರಿಕೆಯ ಬೆರಿಯಾ ಕಾಲೇಜಿನಲ್ಲಿ 1892ರಿಂದ ಬೋಧನಾಶುಲ್ಕವೇ ಇಲ್ಲ. ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೆ ಕನಿಷ್ಠ ಹತ್ತು ಗಂಟೆ ಕೆಲಸ ಮಾಡಲೇಬೇಕು. ಆ ದೇಶದ ಸರಕಾರವು 1964ರಲ್ಲಿ ಒಂದು ಕಾನೂನನ್ನೇ ಮಾಡಿ, ಕಾಲೇಜಿನಲ್ಲಿ ಕೆಲಸ ಮಾಡುವ ಬಡ ವಿದ್ಯಾರ್ಥಿಯ ಕೂಲಿಯ ದೊಡ್ಡ ಪಾಲನ್ನು ತಾನೇ ಕೊಡಲು ಆರಂಭಿಸಿತು. ನಮ್ಮಲ್ಲಿಯೂ 1937ರ ಅಕ್ಟೋಬರದಲ್ಲಿ ವರ್ಧಾದಲ್ಲಿ ಕೂಡಿದ ಶಿಕ್ಷಣ ಪರಿಷತ್ತಿನ ಮುಂದೆ ಗಾಂಧಿಯವರು ಇಟ್ಟ ಮುಖ್ಯ ವಿಚಾರವೆಂದರೆ, ಕೈಗೆಲಸದ ಮೂಲಕವೇ ವಿದ್ಯೆ ನಡೆಯಬೇಕು, ವಿದ್ಯೆಯು ತನ್ನ ವೆಚ್ಚವನ್ನು ತಾನೇ ಆದಷ್ಟು ಹೊರಬೇಕು ಎಂಬುದು. ನಾವು ಗಾಂಧಿಯವರ ಚಿತ್ರವನ್ನು ಪ್ರಿನ್ಸಿಪಾಲರ ಕೋಣೆಯಲ್ಲಿ ತೂಗುಹಾಕಿದೆವು. ವಿಚಾರವನ್ನು ಕೋಣೆಯ ಹೊರಗೆ ನಿಲ್ಲಿಸಿದೆವು.

ಇಂದು ನಮ್ಮ ವಿದ್ಯಾರ್ಥಿಗಳು ಏನೇನು ಕೆಲಸ ಮಾಡುತ್ತಿದ್ದಾರೆಂಬುದನ್ನು ನೋಡೋಣ. ಎಲ್ಲಕ್ಕೂ ಮೇಲಾದುದು ಮಕ್ಕಳಿಗೆ ಮನೆಪಾಠ ಹೇಳುವುದು. ಎಸ್.ಎಸ್.ಎಲ್.ಸಿ. ಹುಡುಗನಿಗೆ ಗಣಿತ ಕಲಿಸುವವನು ತಾನೂ ಗಣಿತವನ್ನು ಎರಡನೆಯ ಸಲ ಕಲಿಯುತ್ತಾನೆ, ಬಂಡವಾಳವೂ ಬೇಡ. ಮದುವೆಯ ಕಾಲದಲ್ಲಿ ಅಡಿಗೆಯ ಗುತ್ತಿಗೆದಾರರ ಕಡೆ ಬಡಿಸುವ ಕೆಲಸಕ್ಕೆ ಹೋಗುವವರು ಕರಾವಳಿಯ ಊರುಗಳಲ್ಲಿಯೂ ಬೆಂಗಳೂರು, ಮೈಸೂರುಗಳಲ್ಲಿಯೂ ಬಹಳ. ಮಲೆನಾಡಿನ ಹುಡುಗರು ರಜೆಯಲ್ಲಿ ಅಡಿಕೆಯ ಕೊಯ್ಲಿಗೆ, ಕಾಫಿ ಹಣ್ಣು ಬಿಡಿಸುವುದಕ್ಕೆ ಹೋಗುತ್ತಾರೆ. ಹೊಲಿಗೆ ಬಲ್ಲ ಹೆಣ್ಣುಮಕ್ಕಳು ರವಿಕೆ ಹೊಲಿದು ಪುಸ್ತಕ ಕೊಳ್ಳುತ್ತಾರೆ. ಮುದ್ರಣಾಲಯಗಳಿಗೆ ಕನ್ನಡ ಬೆರಳಚ್ಚು ಮಾಡಿಕೊಡುವವರು, ಜೆರಾಕ್ಸ್ ಅಂಗಡಿಯಲ್ಲಿ ನಿಲ್ಲುವವರು, ಔಷಧದ ಅಂಗಡಿಯಲ್ಲಿ ಲೆಕ್ಕ ಬರೆಯುವವರು ಇದ್ದಾರೆ. ಇವರೆಲ್ಲರೂ ನಮ್ಮ ಗೌರವಕ್ಕೆ ಪಾತ್ರರು. ಆದರೆ ರಾತ್ರಿಯೆಲ್ಲ ಮೋಟಾರು ಸೈಕಲ್ಲಿನ ಮೇಲೆ ಊಟದ ಪೊಟ್ಟಣ ಒಯ್ಯುವ ಕೆಲಸವು ಬೇರೆ ಬಗೆಯದು. ಎಷ್ಟು ಬೇಗ ಮುಟ್ಟಿಸಿದರೆ ಅಷ್ಟು ಲಾಭವೆಂಬ ಆ ಪೈಪೋಟಿಯಲ್ಲಿ ಹುಡುಗನ ನಿದ್ರೆ ಹೋಗುತ್ತದೆ, ಕೆಲವೊಮ್ಮೆ ಕೈಕಾಲೂ ಹೋಗುತ್ತದೆ. ಅಂಥ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ ಸರಕಾರವು 2025ರಲ್ಲಿ ಕಾನೂನು ಮಾಡಿದ್ದು ಒಳ್ಳೆಯದಾಯಿತು. ಆದರೆ ಮರುದಿನ ಒಂಬತ್ತು ಗಂಟೆಯ ಪಾಠದಲ್ಲಿ ತೂಕಡಿಸುವವನಿಗೆ ಯಾವ ಕಾನೂನೂ ನಿದ್ರೆಯನ್ನು ಮರಳಿ ಕೊಡಲಾರದು.

ಇದಕ್ಕೂ ಕೆಟ್ಟ ಬಲೆಗಳು ಉಂಟು. “ಮನೆಯಲ್ಲಿಯೇ ಕುಳಿತು ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿರಿ” ಎಂಬ ಸಂದೇಶವು ಫೋನಿಗೆ ಬಾರದ ವಿದ್ಯಾರ್ಥಿಯೇ ಇಲ್ಲ. ಮೊದಲು ಅಷ್ಟಿಷ್ಟು ಹಣ ಕೊಟ್ಟು ನಂಬಿಸಿ, ಆಮೇಲೆ ಠೇವಣಿಯೆಂದು ಕಟ್ಟಿಸಿಕೊಂಡು ಮಾಯವಾಗುವುದು ಆ ಕಳ್ಳರ ಕ್ರಮ. ಇನ್ನು ಕೆಲವರು ವಿದ್ಯಾರ್ಥಿಯ ಬ್ಯಾಂಕು ಖಾತೆಯನ್ನೇ ಬಾಡಿಗೆಗೆ ಕೇಳುತ್ತಾರೆ. ಎರಡು ಮೂರು ಸಾವಿರದ ಆಸೆಗೆ ಖಾತೆಯನ್ನು ಕೊಟ್ಟವನು, ಅದರ ಮೂಲಕ ಕಳವಿನ ಹಣ ಹರಿದುಹೋದ ಮೇಲೆ ಪೊಲೀಸರ ಮುಂದೆ ತಲೆತಗ್ಗಿಸಿ ನಿಲ್ಲುತ್ತಾನೆ. ಸರಕಾರಿ ನೌಕರಿಯ ಆಸೆಗೂ ಅಲ್ಲಿಗೇ ಎಳ್ಳುನೀರು. ಹಣ ಕಟ್ಟಿ ಆಡುವ ಫೋನಿನ ಆಟಗಳನ್ನು ಕೇಂದ್ರ ಸರಕಾರವು 2025ರ ಆಗಸ್ಟದಲ್ಲಿ ಕಾನೂನಿನಿಂದ ನಿಷೇಧಿಸಿತು. ಅಷ್ಟರೊಳಗೆ ಎಷ್ಟು ಖೋಲಿಗಳಲ್ಲಿ ಎಷ್ಟು ತಂದೆಗಳ ಬೆವರು ಕರಗಿತ್ತೋ ದೇವರೇ ಬಲ್ಲ. ತರುಣರು ಈ ಒಂದು ಮಾತನ್ನು ನೆನಪಿನಲ್ಲಿಡಬೇಕು: ಕೆಲಸ ಕೊಡುವವನು ನಮ್ಮಿಂದ ಹಣ ಕೇಳಿದರೆ ಅದು ಕೆಲಸವಲ್ಲ. ಪ್ರಾಮಾಣಿಕವಾದ ಕೆಲಸವು ಹತ್ತಿರದಲ್ಲಿ ಸಿಕ್ಕಿದ್ದರೆ ಇವರಲ್ಲಿ ಮುಕ್ಕಾಲು ಮಂದಿ ಈ ಬಲೆಯ ಕಡೆಗೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲವೆಂದು ನಾವು ನಂಬುತ್ತೇವೆ.

ಸಾಲ ಮಾಡಿ ಓದಬಾರದೇ ಎಂದು ಕೆಲವರು ಕೇಳುವರು. ಭಾರತೀಯ ಬ್ಯಾಂಕುಗಳ ಸಂಘವು 2001ರಲ್ಲಿ ರೂಪಿಸಿದ ಮಾದರಿ ವಿದ್ಯಾಸಾಲದ ಯೋಜನೆಯಂತೆ 4 ಲಕ್ಷ ರೂ.ಗಳವರೆಗಿನ ಸಾಲಕ್ಕೆ ಆಸ್ತಿಯ ಅಡವು ಬೇಕಾಗಿಲ್ಲ. 2024ರ ನವೆಂಬರದಲ್ಲಿ ಕೇಂದ್ರ ಸರಕಾರವು ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ವಾರ್ಷಿಕ ಆದಾಯವು 8 ಲಕ್ಷ ರೂ. ಮೀರದ ಕುಟುಂಬದವರ 10 ಲಕ್ಷದವರೆಗಿನ ಸಾಲಕ್ಕೆ ನೂರಕ್ಕೆ ಮೂರರಷ್ಟು ಬಡ್ಡಿಯ ರಿಯಾಯಿತಿಯೂ ಉಂಟು. ಆದರೆ ಆ ಯೋಜನೆಯು ಶ್ರೇಣಿಯಲ್ಲಿ ಮೇಲಿರುವ ಸುಮಾರು 860 ವಿದ್ಯಾಸಂಸ್ಥೆಗಳಿಗಾಗಿ ಹೊರಟದ್ದು. ತಾಲೂಕಿನ ಪದವಿ ಕಾಲೇಜಿನ ಹುಡುಗನು ಅದರ ಹೊಸ್ತಿಲನ್ನು ಕಾಣುವುದು ಕಷ್ಟ. ವೈದ್ಯ, ಇಂಜಿನಿಯರ ತರಗತಿಗಳಿಗೆ ಸಾಲವು ಸರಿಯಾದ ದಾರಿಯೇ. ಓದು ಮುಗಿದೊಡನೆ ಕೆಲಸ ಸಿಕ್ಕುವ ಭರವಸೆಯಿಲ್ಲದ ಬಿ.ಎ. ವಿದ್ಯಾರ್ಥಿಯ ತಲೆಯ ಮೇಲೆ, ಊಟ-ಬಾಡಿಗೆಗಳಂಥ ನಿತ್ಯದ ವೆಚ್ಚಕ್ಕಾಗಿ ಸಾಲದ ಗಂಟನ್ನು ಹೊರಿಸುವುದು ವಿವೇಕವಲ್ಲ. ಹೊಲದ ಸಾಲವನ್ನೇ ತೀರಿಸಲಾರದ ತಂದೆಗೆ ಮಗನ ಸಾಲವೊಂದು ಬೇರೆ ಬೇಕೇ?

ಇನ್ನು ನಮ್ಮ ಸೂಚನೆ. ಪ್ರತಿಯೊಂದು ಕಾಲೇಜಿನಲ್ಲಿಯೂ ವಿದ್ಯಾರ್ಥಿಯು ದಿನಕ್ಕೆ ಎರಡು ಗಂಟೆಗಳಲ್ಲಿ ಮಾಡಿ ಮುಗಿಸಬಹುದಾದ ಕೆಲಸ ರಾಶಿಯಾಗಿ ಬಿದ್ದಿದೆ. ಗ್ರಂಥಾಲಯವನ್ನು ರಾತ್ರಿ ಎಂಟರವರೆಗೆ ತೆರೆದಿಡಲು ಜನರಿಲ್ಲ; ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವವರಿಲ್ಲ. ಪ್ರಯೋಗಶಾಲೆಯ ಗಾಜಿನ ಸಾಮಾನುಗಳಿಗೆ ಲೆಕ್ಕವಿಲ್ಲ. ಕಚೇರಿಯ ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಬೇಕಾಗಿದೆ. ಅಂಧ ವಿದ್ಯಾರ್ಥಿಗಳಿಗೆ ಪುಸ್ತಕ ಓದಿ ಹೇಳುವವರು ಬೇಕು. ಹಿಂದುಳಿದ ಕಿರಿಯರಿಗೆ ಪಾಠ ಹೇಳಲು ಹಿರಿಯ ವಿದ್ಯಾರ್ಥಿಗಳು ಬೇಕು. ವಿಶೇಷವಾಗಿ ಒಂದು ಕೆಲಸವನ್ನು ನಾವು ಸೂಚಿಸಬಯಸುತ್ತೇವೆ: ಕನ್ನಡ ಶಾಲೆಗಳಲ್ಲಿ ಕಲಿತು ಬಂದವರು ವಿಜ್ಞಾನ, ವಾಣಿಜ್ಯಗಳ ಇಂಗ್ಲಿಷ್ ಪುಸ್ತಕಗಳ ಮುಂದೆ ಕಂಗಾಲಾಗಿ ಕೂಡ್ರುತ್ತಾರೆ. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಹಿರಿಯ ವಿದ್ಯಾರ್ಥಿಗಳಿಂದ ಕನ್ನಡದಲ್ಲಿ ಪಾಠದ ಟಿಪ್ಪಣಿಗಳನ್ನು ಬರೆಯಿಸಿ, ಅದಕ್ಕೆ ಕೂಲಿ ಕೊಟ್ಟರೆ, ಬರೆದವನ ಹೊಟ್ಟೆಯೂ ತುಂಬೀತು, ಓದುವವನ ತಲೆಯೂ ತುಂಬೀತು, ನುಡಿಯೂ ಬೆಳೆದೀತು. ಹತ್ತು ಸಭೆಗಳಲ್ಲಿ ಕನ್ನಡಕ್ಕೆ ಜಯಕಾರ ಹಾಕುವುದಕ್ಕಿಂತ ಇದು ಮೇಲು.

ಹಣವೆಲ್ಲಿದೆ ಎಂಬ ಪ್ರಶ್ನೆಯನ್ನು ಅಧಿಕಾರಿವರ್ಗದ ನಮ್ಮ ಮಿತ್ರರು ಖಂಡಿತವಾಗಿ ಎತ್ತುವರು. ಅವರಿಗಾಗಿ ಒಂದು ಸಣ್ಣ ಲೆಕ್ಕ. ದಿನಕ್ಕೆ ಎರಡು ಗಂಟೆ, ತಿಂಗಳಿಗೆ 24 ದಿನ, ವರ್ಷಕ್ಕೆ ಹತ್ತು ತಿಂಗಳು ಎಂದರೆ 480 ಗಂಟೆ. ಗಂಟೆಗೆ 75 ರೂ. ಕೊಟ್ಟರೆ ವರ್ಷಕ್ಕೆ 36,000 ರೂ. ಆಗುತ್ತದೆ. ಕರ್ನಾಟಕ ಸರಕಾರವು 2024ರ ಜನವರಿಯಲ್ಲಿ ಕೊಡಲಾರಂಭಿಸಿದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000 ರೂ.ಗಳಂತೆ ಗೊತ್ತಾದುದು ವರ್ಷಕ್ಕೆ ಎಷ್ಟು? ಸರಿಯಾಗಿ ಅದೇ 36,000. ಅದೂ ಎರಡು ವರ್ಷಗಳವರೆಗೆ. ನಿರುದ್ಯೋಗಿಗೆ ಕೊಡುವುದನ್ನು ನಾವು ಆಕ್ಷೇಪಿಸುವುದಿಲ್ಲ; ಹಸಿದವನಿಗೆ ಅದು ನ್ಯಾಯವೇ. ಆದರೆ ಪದವಿಯ ನಂತರ ಕೆಲಸವಿಲ್ಲದೆ ಕುಳಿತವನಿಗೆ ಕೊಡಬಲ್ಲ ಸರಕಾರವು, ಪದವಿಗೆ ಮೊದಲು ಕೆಲಸ ಮಾಡುತ್ತೇನೆಂದು ನಿಂತವನಿಗೆ ಅಷ್ಟನ್ನೇ ಏಕೆ ಕೊಡಲಾರದು? ಒಂದು ಕಾಲೇಜಿಗೆ ಮೂವತ್ತು ವಿದ್ಯಾರ್ಥಿಗಳೆಂದರೆ 10,80,000 ರೂ. ಅರ್ಧವನ್ನು ಸರಕಾರವೂ ಉಳಿದರ್ಧವನ್ನು ಕಾಲೇಜು, ಹಳೆಯ ವಿದ್ಯಾರ್ಥಿಗಳು ಮತ್ತು ಊರಿನ ವ್ಯಾಪಾರಿಗಳೂ ಹೊರಲಿ. 2013ರ ಕಂಪನಿ ಕಾನೂನಿನಂತೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು. ವಿದ್ಯೆಯೂ ಅದರಲ್ಲಿ ಸೇರಿದೆ. ಗೋಡೆಗೆ ಫಲಕ ಹಾಕಿಸುವ ದಾನಕ್ಕಿಂತ ಈ ದಾನವು ಬಹುಕಾಲ ಬಾಳುವುದು.

ಕಾಲೇಜಿನ ಹೊರಗೆ ದುಡಿಯಬೇಕಾದವರಿಗೂ ಕ್ರಮವಾದ ದಾರಿಯೊಂದು ಇರುವುದನ್ನು ಮರೆಯಬಾರದು. 1961ರ ಅಪ್ರೆಂಟಿಸ್ ಕಾನೂನಿನ ನಿಯಮಗಳಲ್ಲಿ 2019ರಲ್ಲಿ ಆದ ತಿದ್ದುಪಡಿಯು, ಕೆಲಸ ಕಲಿಯುವವನ ಮಾಸಿಕ ವೇತನವು ಅವನ ಓದಿಗನುಸಾರವಾಗಿ 5,000ದಿಂದ 9,000 ರೂ.ಗಳಿಗೆ ಕಡಿಮೆಯಾಗಬಾರದೆಂದು ಗೊತ್ತುಪಡಿಸಿತು. ಪದವಿಯ ಓದಿನಲ್ಲಿಯೇ ಇಂಥ ಕೆಲಸವನ್ನು ಸೇರಿಸಿಕೊಳ್ಳಲು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2020ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಪೂರ್ಣ ಹೊತ್ತಿನ ನೌಕರಿಯೇ ಅನಿವಾರ್ಯವಾದವರಿಗೆ ಸಂಜೆ ಕಾಲೇಜುಗಳೂ, 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಮುಕ್ತ ವಿಶ್ವವಿದ್ಯಾನಿಲಯವೂ ಇವೆ. ಅಂಥವರು ಹಗಲಿನ ಕಾಲೇಜಿಗೆ ಸೇರಿ ಹಾಜರಿ ಕಳೆದುಕೊಳ್ಳುವ ಮೊದಲೇ ಈ ದಾರಿಯನ್ನು ತಿಳಿಸಿ ಹೇಳುವುದು ಅಧ್ಯಾಪಕರ ಕೆಲಸವಾಗಿದೆ.

ನಮ್ಮ ಸೂಚನೆಗೆ ಬರಬಹುದಾದ ಆಕ್ಷೇಪಗಳನ್ನೂ ನಾವು ಬಲ್ಲೆವು. ಓದು ಕೆಡುವುದೆಂಬುದು ಮೊದಲನೆಯದು. ಕೆಡುವುದು ಆರು ಗಂಟೆಯ ದುಡಿಮೆಯಿಂದ, ಎರಡು ಗಂಟೆಯದರಿಂದಲ್ಲ. ಪರೀಕ್ಷೆಯ ತಿಂಗಳಲ್ಲಿ ಕೆಲಸಕ್ಕೆ ಬಿಡುವು ಕೊಡಬೇಕು. ಕಾಲೇಜಿನ ಸಿಪಾಯಿ, ಗುಮಾಸ್ತರ ಹೊಟ್ಟೆಯ ಮೇಲೆ ಹೊಡೆದಂತಾಗುವುದೆಂಬುದು ಎರಡನೆಯದು. ಇದು ನಿಜವಾದ ಭಯ. ಖಾಯಂ ನೌಕರನ ಜಾಗದಲ್ಲಿ ವಿದ್ಯಾರ್ಥಿಯನ್ನು ನಿಲ್ಲಿಸಿ ಹಣ ಉಳಿಸುವ ಸಂಸ್ಥೆಗಳಿಗೆ ಈ ಯೋಜನೆಯ ಒಂದು ಕಾಸೂ ಸಲ್ಲಬಾರದು. ಪಕ್ಷಪಾತವಾಗುವುದೆಂಬುದು ಮೂರನೆಯದು. ಆರಿಸಿದವರ ಯಾದಿಯನ್ನು ಫಲಕದ ಮೇಲೆ ಹಚ್ಚಿ, ಕೂಲಿಯನ್ನು ತಿಂಗಳ ಐದನೆಯ ತಾರೀಖಿನೊಳಗೆ ನೇರವಾಗಿ ಬ್ಯಾಂಕಿಗೆ ಸಲ್ಲಿಸಿದರೆ ಈ ಭಯಕ್ಕೆ ಬಹುಮಟ್ಟಿಗೆ ಪರಿಹಾರವುಂಟು.

ಇನ್ನೊಂದು ಅಪಾಯವನ್ನು ಮಾತ್ರ ನಾವು ಒತ್ತಿ ಹೇಳಬೇಕಾಗಿದೆ. ನಮ್ಮ ಸಮಾಜದಲ್ಲಿ ಕೆಲಸಕ್ಕೂ ಜಾತಿಯನ್ನು ಅಂಟಿಸುವ ರೋಗವಿದೆ. ಗ್ರಂಥಾಲಯದ ಮೇಜು ಒಂದು ಜಾತಿಯ ಹುಡುಗನಿಗೆ, ಅಂಗಳದ ಕಸಬರಿಗೆ ಇನ್ನೊಂದು ಜಾತಿಯ ಹುಡುಗನಿಗೆ ಎಂದಾದರೆ, ಈ ಯೋಜನೆಯು ಹುಟ್ಟುವುದಕ್ಕಿಂತ ಹುಟ್ಟದಿರುವುದೇ ಒಳ್ಳೆಯದು. ಎಲ್ಲ ಕೆಲಸಗಳೂ ಸರದಿಯ ಮೇಲೆ ಎಲ್ಲರಿಗೂ ಬರಬೇಕು. ಸಾತಾರೆಯ ನಿಲಯದ ಹಿರಿಮೆ ಇದ್ದುದೇ ಅಲ್ಲಿ. ಹೆಣ್ಣುಮಕ್ಕಳ ವಿಷಯವೂ ಹೀಗೆಯೇ. ಕತ್ತಲಾದ ಮೇಲೆ ವಸತಿನಿಲಯದ ಬಾಗಿಲು ಮುಚ್ಚುವುದರಿಂದ ಪೇಟೆಯ ಕೆಲಸಗಳು ಅವರಿಗೆ ಎಟುಕುವುದಿಲ್ಲ. ಹೊರಗೆ ದುಡಿದು ಓದುತ್ತೇನೆಂದರೆ ಮನೆಯವರು ಓದನ್ನೇ ಬಿಡಿಸಿ ಮದುವೆಯ ಮಾತೆತ್ತುತ್ತಾರೆ. ಹಗಲಿನಲ್ಲಿ, ಕಾಲೇಜಿನ ಆವರಣದಲ್ಲಿ, ಗುರುಗಳ ಕಣ್ಣೆದುರಿನಲ್ಲಿ ಸಿಕ್ಕುವ ಕೆಲಸವು ಅವರಿಗೆ ಹಣದ ಜತೆಗೆ ಇನ್ನೂ ಮೂರು ವರ್ಷಗಳ ಓದನ್ನು ದೊರಕಿಸಿಕೊಡುತ್ತದೆ. ಆದುದರಿಂದ ಕೆಲಸದ ಅರ್ಧ ಭಾಗವಾದರೂ ವಿದ್ಯಾರ್ಥಿನಿಯರಿಗೆ ಮೀಸಲಾಗಬೇಕು.

ಪಾಲಕರಲ್ಲಿ ಒಂದು ವಿನಂತಿ. ಮಗನು ಅಂಗಡಿಯಲ್ಲಿ ಬಡಿಸಿದನೆಂದು ಮನೆತನದ ಮಾನ ಹೋಗುವುದಿಲ್ಲ. ಸಾಲಗಾರನು ಮನೆಯ ಬಾಗಿಲಿಗೆ ಬಂದು ಕೂಗಿದಾಗ ಹೋಗುತ್ತದೆ. ವ್ಯಾಪಾರಸ್ಥರಲ್ಲಿ ಒಂದು ವಿನಂತಿ: ವಿದ್ಯಾರ್ಥಿಯನ್ನು ಕೆಲಸಕ್ಕಿಟ್ಟುಕೊಂಡರೆ ಅವನ ಪಾಠದ ವೇಳೆಯನ್ನು ಕೇಳಿ ತಿಳಿದು ಗೋಡೆಗೆ ಹಚ್ಚಿರಿ, ಹುಡುಗನೆಂದು ಅರ್ಧ ಕೂಲಿ ಕೊಡಬೇಡಿರಿ. ವಿದ್ಯಾರ್ಥಿಗಳಿಗೂ ಒಂದು ಮಾತು: ದುಡಿಮೆಯು ಓದಿಗಾಗಿ ಎಂಬುದನ್ನು ಮರೆಯದಿರಿ. ಕೈಯಲ್ಲಿ ಹಣ ಓಡಾಡತೊಡಗಿದೊಡನೆ ಹೊಸ ಫೋನು, ಹೊಸ ಬೂಟು ಕಣ್ಣಿಗೆ ಬೀಳುತ್ತವೆ, ಪುಸ್ತಕ ಮರೆಯಾಗುತ್ತದೆ. ಗಳಿಸಿದ್ದರ ಲೆಕ್ಕವನ್ನು ಒಂದು ವಹಿಯಲ್ಲಿ ಬರೆದಿಡಿರಿ. ಸ್ವಂತ ಲೆಕ್ಕ ಬರೆಯಲು ಕಲಿತ ತರುಣನು ನಾಳೆ ರಾಷ್ಟ್ರದ ಲೆಕ್ಕವನ್ನೂ ಕೇಳಬಲ್ಲವನಾಗುವನು. ನಮ್ಮ ಹಿರಿಯರು ಸ್ವರಾಜ್ಯವನ್ನು ಸ್ವಾವಲಂಬನದಿಂದ ಬೇರ್ಪಡಿಸಿ ನೋಡಲಿಲ್ಲ. ಒಬ್ಬೊಬ್ಬ ತರುಣನೂ ತನ್ನ ಕಾಲಿನ ಮೇಲೆ ನಿಂತಾಗಲೇ ದೇಶವು ನಿಂತೀತೆಂದು ಅವರು ತಿಳಿದಿದ್ದರು.

ಪರರಿಗೆ ಹೇಳಿದ ಮೇಲೆ ನಾವೇನು ಮಾಡುವೆವೆಂಬುದನ್ನೂ ಹೇಳಬೇಕಾದುದು ನ್ಯಾಯ. ಬರುವ ತಿಂಗಳ ಒಂದನೆಯ ತಾರೀಖಿನಿಂದ ನಮ್ಮ ಪತ್ರಿಕೆಯನ್ನು ಹಂಚುವ ವಿದ್ಯಾರ್ಥಿಗಳ ಹೆಸರು, ಕಾಲೇಜು, ಪಾಠದ ವೇಳೆ ಇವುಗಳ ಒಂದು ವಹಿಯನ್ನು ನಮ್ಮ ಕಚೇರಿಯಲ್ಲಿ ಇಡಲಾಗುವುದು. ಅವರಿಗೆ ಕೊಡುವ ಹಣವು ಏಜಂಟರ ಕೈದಾಟಿ ಸವೆಯದಂತೆ ನಾವೇ ನೋಡಿಕೊಳ್ಳುವೆವು. ಪರೀಕ್ಷೆಯ ತಿಂಗಳಲ್ಲಿ ಹಂಚಿಕೆಯ ಬದಲಿ ಏರ್ಪಾಡೂ ನಮ್ಮದೇ. ಸಂಜೆಯ ಎರಡು ಗಂಟೆಗಳ ಕರಡಚ್ಚು ತಿದ್ದುವ ಕೆಲಸಕ್ಕೆ ಇಬ್ಬರು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವೆವು. ಅವರಲ್ಲಿ ಒಬ್ಬನಾಗಿ ಬರಲು, ಒಂದು ವರ್ಷವನ್ನು ಕಳೆದುಕೊಂಡ ಆ ತರುಣನಿಗೆ ಹೇಳಿ ಕಳುಹಿಸಿದ್ದೇವೆ. ನಮ್ಮ ಈ ಲೇಖನದ ಕರಡನ್ನು ಆತನೇ ಮೊದಲು ತಿದ್ದಲೆಂದು ನಮಗೆ ಆಸೆಯಿತ್ತು. ಆದರೆ ನಿನ್ನೆ ಸಂಜೆ ಆತನಿಗೆ ಪಾಠವಿತ್ತಾಗಿ ನಾವು ಕರೆಯಲಿಲ್ಲ.